ಕಾಶಿಗೆ ಹೊರಟ ಕಾರು: ಡ್ರೈವರನ ನಿದ್ದೆಗೆ ಲೆಕ್ಕವೇ ಇಲ್ಲ!

ಮಾಗನೂರು: ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದರೆ ಗಡಿ ಭಾಗದ ಮನೆಗಳಲ್ಲಿ ಯಾತ್ರೆಯ ಮಾತು ಶುರುವಾಗುತ್ತದೆ. ಮಂತ್ರಾಲಯ, ಶ್ರೀಶೈಲ ಆದವರಿಗೆ ಪಂಢರಪುರ, ಶಿರಡಿ. ಅದೂ ಆದವರಿಗೆ ಕಾಶಿ. ಕಾರು ಮನೆಯಲ್ಲೇ ಇದೆ, ಇಲ್ಲವೇ ಅಳಿಯನದ್ದಿದೆ. ಅಷ್ಟು ದೂರ ಓಡಿಸುವವರು ಯಾರು? ಆಗ ನೆನಪಾಗುವವನೇ ‘ಆಕ್ಟಿಂಗ್ ಡ್ರೈವರ್’.

ಸ್ವಂತ ಕಾರಿಗೆ ನಾಲ್ಕು ದಿನದ ಮಟ್ಟಿಗೆ ಸಂಬಳ, ಬತ್ತಾ ಕೊಟ್ಟು ಕರೆದೊಯ್ಯುವ ಚಾಲಕನಿಗೆ ಈ ಹೆಸರು. ಫೋನ್ ಮಾಡಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ದಿನಕ್ಕ ಎಷ್ಟು ತಗೋತೀ?’ ‘ನಿನ್ನೆ ರಾತ್ರಿ ನಿದ್ದಿ ಮಾಡೀಯೇನು?’ ಎಂದು ಕೇಳುವವರು ಅಪರೂಪ.

ದಾರಿ ಎಷ್ಟು ದೂರ?

ಮಾಗನೂರಿನಿಂದ ರಾಷ್ಟ್ರೀಯ ಹೆದ್ದಾರಿ 167 ಹಿಡಿದು ಮಖ್ತಲ್, ಮಹಬೂಬನಗರ ದಾಟಿದರೆ ಜಡ್ಚರ್ಲದಲ್ಲಿ ಹೆದ್ದಾರಿ 44 ಸಿಗುತ್ತದೆ. ಹೈದರಾಬಾದ್, ಆದಿಲಾಬಾದ್, ನಾಗಪುರ, ಜಬಲ್‌ಪುರ, ರೀವಾ ಮೇಲೆ ಹೋದರೆ ಕಾಶಿ ಸುಮಾರು 1,400 ಕಿ.ಮೀ. ರಸ್ತೆ ಅಗಲವಾಗಿದೆ, ಟೋಲ್‌ನಲ್ಲಿ 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ನಿಲ್ಲುವುದೂ ಕಡಿಮೆ. ಹೀಗಾಗಿ ‘ರಾತ್ರಿ ಹೊಡೆದರೆ ಎರಡನೇ ದಿನ ಗಂಗಾಸ್ನಾನ’ ಎಂಬ ಲೆಕ್ಕ ಹಾಕುವವರೇ ಹೆಚ್ಚು.

ಈ ಲೆಕ್ಕ ಎಷ್ಟು ಅಪಾಯದ್ದು ಎಂಬುದನ್ನು 2025ರ ಕುಂಭಮೇಳ ನೆನಪಿಸುತ್ತದೆ. ಆ ವರ್ಷದ ಫೆಬ್ರುವರಿಯಲ್ಲಿ ಇದೇ ದಾರಿಯಲ್ಲಿ ಜಬಲ್‌ಪುರ, ಕಟ್ನಿ, ರೀವಾ ಸುತ್ತಮುತ್ತ ಯಾತ್ರಿಕರ ವಾಹನಗಳು ತಾಸುಗಟ್ಟಲೆ ಸಾಲುಗಟ್ಟಿ ನಿಂತವು. ಫೆಬ್ರುವರಿ 24ರ ನಸುಕಿನಲ್ಲಿ ಜಬಲ್‌ಪುರ ಜಿಲ್ಲೆಯ ಸಿಹೋರಾ ಬಳಿ, ಪ್ರಯಾಗರಾಜ್‌ನಿಂದ ಮರಳುತ್ತಿದ್ದ ಗೋಕಾಕದವರ ವಾಹನ ಡಿವೈಡರ್ ದಾಟಿ ಬಸ್ಸಿಗೆ ಡಿಕ್ಕಿ ಹೊಡೆದು ಆರು ಮಂದಿ ತೀರಿಕೊಂಡರು. ಕಾರಣ ಏನೇ ಇರಲಿ, ಆ ದಾರಿ, ಆ ಹೊತ್ತು ಎರಡೂ ನಮ್ಮೂರ ಯಾತ್ರಿಕರಿಗೂ ಹೊಸದಲ್ಲ.

ರಾತ್ರಿ 2ರಿಂದ ಬೆಳಗಿನ 5ರವರೆಗೆ ಮನುಷ್ಯನ ಮೈ ನಿದ್ದೆ ಬೇಡುತ್ತದೆ. ಎಂಥ ಅನುಭವಿ ಡ್ರೈವರನಿಗೂ ಇದು ತಪ್ಪಿದ್ದಲ್ಲ. ಗಾಜು ಇಳಿಸುವುದು, ಹಾಡು ಜೋರು ಮಾಡುವುದು, ಮುಖಕ್ಕೆ ನೀರು ಹಾಕುವುದು ಸ್ವಲ್ಪ ಹೊತ್ತಿನ ಆಟ. ಚಹಾದ ಪರಿಣಾಮವೂ ಕುಡಿದ ಕೂಡಲೇ ಕಾಣುವುದಿಲ್ಲ. ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಸ್ವಲ್ಪ ತಡೆಯಬಹುದು. ಆದರೆ ಅದೂ ರಾತ್ರಿಯ ನಿದ್ದೆಗೆ ಸಮ ಅಲ್ಲ.

ಮನೆಯ ಅನುಭವ

ಈ ವರದಿಗಾರನ ಮನೆಯವರೂ ಒಮ್ಮೆ ಹೀಗೆಯೇ ಪಂಢರಪುರಕ್ಕೆ ಹೊರಟಿದ್ದರು. ಬತ್ತಾದಲ್ಲಿ ನೂರು ರೂಪಾಯಿ ಇಳಿಸಿಕೊಂಡದ್ದೇ ದೊಡ್ಡ ಗೆಲುವು ಎನಿಸಿತ್ತು. ಸೊಲ್ಲಾಪುರ ಇನ್ನೂ ದೂರವಿತ್ತು. ಬೆಳಗಿನ ನಾಲ್ಕರ ಸುಮಾರಿಗೆ ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಮಣ್ಣಿಗಿಳಿದವು. ದೇವರ ದಯೆ, ಮುಂದೆ ಗಿಡವಿರಲಿಲ್ಲ. ಕೇಳಿದಾಗಲೇ ಗೊತ್ತಾದದ್ದು, ಆ ಹುಡುಗ ಹಿಂದಿನ ರಾತ್ರಿಯಷ್ಟೇ ತಿರುಪತಿಯಿಂದ ಬಂದಿದ್ದ. ‘ಬ್ಯಾಡಂದ್ರ ಬಾಡಿಗಿ ಹೋಗ್ತದಂತ ಹೇಳ್ಲಿಲ್ರಿ’ ಎಂದ. ನಮ್ಮ ತಾಯಿ ಮಾತ್ರ ಬೈಯಲಿಲ್ಲ. ‘ಆಧೀ ಝೋಪ, ನಂತರ್ ವಿಠೋಬಾ’ ಅಂದರು. ಮೊದಲು ನಿದ್ದೆ, ಆಮೇಲೆ ವಿಠೋಬ. ಢಾಬಾದ ಹೊರಸಿನ ಮೇಲೆ ಅವನು ಮೂರು ತಾಸು ಮಲಗಿದ. ದರ್ಶನ ಅರ್ಧ ದಿನ ತಡವಾಯಿತು, ಅಷ್ಟೇ.

ಲೆಕ್ಕ ಹಾಕಿ ನೋಡಿ

ಬಸ್ಸು, ಲಾರಿ ಚಾಲಕರಿಗೆ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆ 1961ರಲ್ಲೇ ದಿನಕ್ಕೆ 8 ತಾಸಿನ ಮಿತಿ ಹಾಕಿತ್ತು. ದೂರದ ಮಾರ್ಗದಲ್ಲಿ ಅನುಮತಿ ಪಡೆದು 10 ತಾಸು. ಐದು ತಾಸಿಗೊಮ್ಮೆ ಕನಿಷ್ಠ ಅರ್ಧ ತಾಸು ವಿಶ್ರಾಂತಿ. ಮನೆಯ ಕಾರಿಗೆ ಬರುವ ಆಕ್ಟಿಂಗ್ ಡ್ರೈವರನ ತಾಸು ಎಣಿಸುವವರು ಮಾತ್ರ ಯಾರೂ ಇಲ್ಲ. ಎಣಿಸಬೇಕಾದವರು ಹಿಂದಿನ ಸೀಟಿನಲ್ಲಿ ಕುಳಿತವರೇ.

ಗಂಟೆಗೆ ಸರಾಸರಿ 50 ಕಿ.ಮೀ. ಹಿಡಿದರೆ 10 ತಾಸಿಗೆ 500 ಕಿ.ಮೀ. ಕಾಶಿಗೆ ಮೂರು ದಿನ, ನಡುವೆ ಎರಡು ರಾತ್ರಿ ವಸತಿ. ಹೋಗಿ ಬರುವುದಕ್ಕೆ ನಾಲ್ಕು ರಾತ್ರಿ. ಡ್ರೈವರನ ಹಾಸಿಗೆಗೆ ರಾತ್ರಿಗೆ 500 ರೂ. ಎಂದರೂ 2,000 ರೂ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 2,800 ಕಿ.ಮೀ.ಗೆ ಸುಮಾರು 187 ಲೀಟರ್ ಬೇಕು. 105 ರೂ. ದರ ಹಿಡಿದರೆ 19,600 ರೂ. ಅಂದರೆ ಪೆಟ್ರೋಲಿಗೆ ಸುರಿಯುವ ಹಣದ ಹತ್ತರಲ್ಲಿ ಒಂದು ಪಾಲು ಕೊಟ್ಟರೆ ಡ್ರೈವರನ ನಿದ್ದೆ ಸಿಗುತ್ತದೆ. ಆದರೆ ಮನೆಯವರು ಲಾಡ್ಜಿನಲ್ಲಿ, ಡ್ರೈವರ್ ಕಾರಿನಲ್ಲಿ ಸೊಳ್ಳೆಯೊಂದಿಗೆ ಎಂಬುದೇ ರೂಢಿ. ಬೆಳಿಗ್ಗೆ ಮತ್ತೆ ಅವನ ಕೈಗೇ ಮನೆಮಂದಿಯ ಜೀವ ಕೊಡುತ್ತೇವೆ.

ಬೋರ್ಡಿನ ಬಣ್ಣ ನೋಡಿ

ಕಾರು ಇಲ್ಲದವರು ರಾಯಚೂರಿನಿಂದಲೋ ನಾರಾಯಣಪೇಟೆಯಿಂದಲೋ ಬಾಡಿಗೆ ಕಾರು ತರುತ್ತಾರೆ. ಹಳದಿ ಬೋರ್ಡಿನ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದು ಹೊರಡುವ ಮುಂಚೆಯೇ ಕಾಗದ ನೋಡಬೇಕು. ಇಲ್ಲದಿದ್ದರೆ ಪ್ರತಿ ರಾಜ್ಯದ ಗಡಿಯಲ್ಲೂ ತಕರಾರು. ಬಿಳಿ ಬೋರ್ಡಿನ ಕಾರು ಅಗ್ಗವೆಂದು ಬಾಡಿಗೆಗೆ ಹಿಡಿಯುವುದು ಕಾನೂನುಬಾಹಿರ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಪರ್ಮಿಟ್ ಇಲ್ಲದ ಬಾಡಿಗೆಗೆ 10 ಸಾವಿರ ರೂ. ದಂಡದ ಜೊತೆಗೆ ಜೈಲಿಗೂ ಅವಕಾಶವಿದೆ. ಅದಕ್ಕಿಂತ ಮುಖ್ಯ, ಖಾಸಗಿ ವಿಮೆಯಲ್ಲಿ ಬಾಡಿಗೆ ಓಡಾಟ ಸೇರಿರುವುದಿಲ್ಲ. ಅಪಘಾತವಾದರೆ ಕಂಪನಿ ಕೈ ಎತ್ತಬಹುದು.

ಸ್ವಂತ ಕಾರಿನವರೂ ಪಾಲಿಸಿ ತೆಗೆದು ಓದಬೇಕು. 15 ಲಕ್ಷ ರೂ. ವೈಯಕ್ತಿಕ ಅಪಘಾತ ವಿಮೆ ಇರುವುದು ಕಾರು ಓಡಿಸುವ ಮಾಲೀಕನಿಗೆ, ಸಂಬಳದ ಡ್ರೈವರನಿಗೆ ಅಲ್ಲ. ಸಂಬಳದ ಚಾಲಕನ ಹೊಣೆಗೆ ವರ್ಷಕ್ಕೆ ಬರೀ 50 ರೂ. ಪ್ರೀಮಿಯಮ್‌ನ ಪ್ರತ್ಯೇಕ ಸಾಲು ಇರುತ್ತದೆ. ಅದು ಇಲ್ಲದಿದ್ದರೆ ಏಜೆಂಟರಿಗೆ ಹೇಳಿ ಸೇರಿಸಿಕೊಳ್ಳಬೇಕು. ಚಾಲಕನ ಲೈಸೆನ್ಸ್ ಅವಧಿಯನ್ನು ಪರಿವಾಹನ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು.

ನಮ್ಮ ಹುಡುಗರೇ ಮೇಲು

ಕೃಷ್ಣಾ ನದಿಯ ಈ ದಂಡೆಯಲ್ಲಿ ಬೆಳೆದ ಹುಡುಗರಿಗೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು. ನಾರಾಯಣಪೇಟೆ ಕಡೆಯವರಿಗೆ ಮರಾಠಿಯೂ ಬರುತ್ತದೆ. ನಾಗಪುರದ ಗ್ಯಾರೇಜಿನಲ್ಲಾಗಲಿ, ಜಬಲ್‌ಪುರದ ಪೊಲೀಸರ ಮುಂದಾಗಲಿ ಇಂಥವನು ಜೊತೆಗಿದ್ದರೆ ಅರ್ಧ ಚಿಂತೆ ಕಳೆದಂತೆ. ಈ ಗುಣಕ್ಕೆ ಬೆಲೆ ಕಟ್ಟಬೇಕೇ ಹೊರತು ಬತ್ತಾದಲ್ಲಿ ನೂರು ರೂಪಾಯಿ ಕಡಿಯಬಾರದು.

ಹೊರಡುವ ಮುಂಚೆ ಮಾತು ಬಿಡಿಸಿ ಆಡಿಕೊಳ್ಳಿ. ದಿನದ ಸಂಬಳ ಎಷ್ಟು, ಊಟ ಯಾರದು, ರಾತ್ರಿ ಮಲಗುವುದೆಲ್ಲಿ, ಗಾಡಿ ಕೆಟ್ಟರೆ ಖರ್ಚು ಯಾರದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದರೆ ದಾರಿಯಲ್ಲಿ ಜಗಳವಿಲ್ಲ. ರಾತ್ರಿ 10ರ ನಂತರ ಗಾಡಿ ಓಡಬಾರದು ಎಂಬ ಸಾಲನ್ನೂ ಅದರಲ್ಲಿ ಸೇರಿಸಿ. ಕಾಶಿ ವಿಶ್ವನಾಥ ಒಂದು ದಿನ ತಡವಾಗಿ ಹೋದರೆ ಎಲ್ಲಿಗೂ ಹೋಗುವುದಿಲ್ಲ.