ತಾಲೀಮು ಹಾಗೂ ತಪಾಸಣಾ ಕಾಡತೂಸುಗಳ ಸಂಗ್ರಹ: ಸಾರ್ವಜನಿಕರಿಗೆ ಮಾಹಿತಿ

ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರವಿದ್ದು, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲ್ಲೂಕುಗಳಲ್ಲಿ ನಿವೃತ್ತ ಯೋಧರ ಕುಟುಂಬಗಳು ನೆಲೆಸಿರುತ್ತವೆ. ಹಿರಿಯರ ಟ್ರಂಕಿನಲ್ಲಿ ಪದಕಗಳೊಡನೆ ಒಂದೆರಡು ಕಾಡತೂಸುಗಳು ದೊರೆಯುವುದು ಅಸಹಜವೇನಲ್ಲ. ಇವುಗಳಲ್ಲಿ ಸಿಡಿಯದಂತೆಯೇ ತಯಾರಿಸಲಾದವುಗಳನ್ನು ಕೆಲವರು ಹವ್ಯಾಸವಾಗಿ ಸಂಗ್ರಹಿಸುತ್ತಾರೆ.

ತಾಲೀಮು ಕಾಡತೂಸು ಬಂದೂಕಿಗೆ ಗುಂಡು ತುಂಬುವ ಹಾಗೂ ಹೊರತೆಗೆಯುವ ಅಭ್ಯಾಸಕ್ಕಾಗಿ ಇರುವಂಥದ್ದು. ತಪಾಸಣಾ ಕಾಡತೂಸನ್ನು ಬಂದೂಕು ದುರಸ್ತಿ ಮಾಡುವ ಆರ್ಮರರ್‌ಗಳು ಯಂತ್ರಭಾಗದ ಚಲನೆಯನ್ನು ಪರೀಕ್ಷಿಸಲು ಬಳಸುತ್ತಾರೆ. ಎಲ್ಲ ಸಿಪಾಯಿಗಳಿಗೂ ಕೊಡುವ ವಸ್ತುವಲ್ಲವಾದ್ದರಿಂದ ಇದು ವಿರಳ. ಎರಡರಲ್ಲಿಯೂ ಸಿಡಿಮದ್ದು ಇರುವುದಿಲ್ಲ. ಹಳೆಯ .303 ರೈಫಲ್ಲಿನ ತಾಲೀಮು ಕಾಡತೂಸುಗಳ ಒಂದು ಮಾದರಿಯಲ್ಲಿ ಹಿತ್ತಾಳೆಯ ಕವಚದ ಮೇಲೆ ಉದ್ದುದ್ದ ತಗ್ಗುಗೆರೆಗಳಿದ್ದು, ಅವುಗಳಿಗೆ ಕೆಂಪು ಬಣ್ಣ ಬಳಿದಿರುತ್ತದೆ. ತಳದಲ್ಲಿ "ಕೆ.ಎಫ್." ಎಂಬ ಅಕ್ಷರಗಳಿದ್ದಲ್ಲಿ ಅದು ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ತಯಾರಿಕೆ.

ಆದರೆ ನೋಟವನ್ನೇ ನಂಬುವುದು ಅಪಾಯಕರ. ಬೆಳ್ಳಿಬಣ್ಣದ ಕವಚ ಕಂಡೊಡನೆ ತಾಲೀಮಿನದೆಂದು ತಿಳಿಯಲಾಗದು. ಅಮೆರಿಕದಲ್ಲಿ ಅತ್ಯಧಿಕ ಒತ್ತಡದ ಪರೀಕ್ಷಾ ಕಾಡತೂಸುಗಳಿಗೂ ತವರದ ಲೇಪ ನೀಡಲಾಗಿದೆ. ಮುಂಭಾಗದಲ್ಲಿ ಗುಂಡಿಲ್ಲದೆ ಬಾಯಿ ಮಡಚಿದ್ದರೆ ಅದು ಬರಿಸದ್ದಿನ ಕಾಡತೂಸು. ಅದರೊಳಗೆ ಮದ್ದು ಇರುತ್ತದೆ. ತಳದ ಕ್ಯಾಪಿನ ಮೇಲೆ ಪೆಟ್ಟಿನ ಗುರುತಿದ್ದ ಮಾತ್ರಕ್ಕೆ ಅದು ಸಿಡಿದುಹೋಗಿದೆಯೆಂದು ಭಾವಿಸಬಾರದು. ಇಕ್ಕಳದಿಂದ ಗುಂಡನ್ನು ಕಿತ್ತು ನೋಡುವುದು, ಕಾಯಿಸುವುದು, ಅಕ್ಕಸಾಲಿಗರಲ್ಲಿ ಕೊಟ್ಟು ಕೀಲಿಗೊಂಚಲು ಮಾಡಿಸುವುದು ಸರ್ವಥಾ ಸಲ್ಲದು.

ಶಸ್ತ್ರಾಸ್ತ್ರ ಕಾಯ್ದೆ, 1959ರ ಕಲಂ 2ರಲ್ಲಿನ ಮದ್ದುಗುಂಡಿನ ವ್ಯಾಖ್ಯೆಯು ಅದರ ಬಿಡಿಭಾಗಗಳನ್ನೂ ಒಳಗೊಂಡಿದೆ. ಪೂರಕ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗಗಳಿಗೆ ಕಲಂ 45ರಲ್ಲಿ ವಿನಾಯಿತಿ ಉಂಟು. ಈ ವಿನಾಯಿತಿಯು ಸಜೀವ ಕಾಡತೂಸಿಗೆ ಅನ್ವಯಿಸುತ್ತದೆಂದು ಸಂಗ್ರಾಹಕರು ಭಾವಿಸತಕ್ಕದ್ದಲ್ಲ. ಪರವಾನಗಿಯಿಲ್ಲದೆ ಮದ್ದುಗುಂಡು ಹೊಂದಿದಲ್ಲಿ, 2019ರ ತಿದ್ದುಪಡಿಯ ನಂತರ, 2ರಿಂದ 5 ವರ್ಷಗಳವರೆಗೆ ಕಾರಾವಾಸ ಹಾಗೂ ದಂಡಕ್ಕೆ ಅವಕಾಶವಿದೆ. "ಅಜ್ಜನ ನೆನಪಿಗೆಂದು ಇಟ್ಟುಕೊಂಡಿದ್ದೆವು" ಎಂಬ ಸಮಜಾಯಿಷಿ ಪರವಾನಗಿಗೆ ಬದಲಿಯಾಗುವುದಿಲ್ಲ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಚೀಲದ ಮೂಲೆಯ ಒಂದೇ ಕಾಡತೂಸು ಸಹ ಪ್ರಕರಣಕ್ಕೆ ಕಾರಣವಾಗಬಹುದು.

ಮನೆಯಲ್ಲಿ ಗುರುತು ತಿಳಿಯದ ಕಾಡತೂಸು ಕಂಡುಬಂದಲ್ಲಿ ಅದನ್ನು ಮಕ್ಕಳಿಂದ ದೂರವಿರಿಸಿ, ಠಾಣೆಗೆ ತಾವೇ ಹೊತ್ತೊಯ್ಯದೆ, ಸಮೀಪದ ಪೊಲೀಸ್ ಠಾಣೆಗೆ ಅಥವಾ 112 ಸಂಖ್ಯೆಗೆ ಕರೆ ಮಾಡಿ ತಿಳಿಸತಕ್ಕದ್ದು. ನಿಷ್ಕ್ರಿಯವೆಂದು ಖಾತ್ರಿಯಾದ ವಸ್ತುಗಳ ಸಂಗ್ರಾಹಕರು ಅವು ಯಾರಿಂದ, ಯಾವಾಗ ಬಂದವೆಂಬ ದಾಖಲೆಯನ್ನು ವಸ್ತುವಿನೊಡನೆಯೇ ಇರಿಸಿಕೊಳ್ಳುವುದು ಸೂಕ್ತ.