ಬಾನೆಟ್ ಒಳಮೈಯ ಕಸುಬು

ಹಳೆಯ ಕಾರಿನ ಬಾನೆಟ್ ಎತ್ತಿದಾಗ ಎಂಜಿನ್ ಮೇಲೆ ಕಪ್ಪು ಪುಡಿ ಕಂಡರೆ, ತಲೆಯೆತ್ತಿ ಬಾನೆಟ್‌ನ ಒಳಮೈ ನೋಡಿ. ಅಲ್ಲಿ ಅಂಟಿಸಿದ್ದ ಫೋಮ್ ಹಾಳೆಯ ಆಯಸ್ಸು ಮುಗಿದಿದೆ.

1995ರಲ್ಲಿ ಪುಣೆಯಲ್ಲಿ ತಯಾರಾಗತೊಡಗಿದ ಮರ್ಸಿಡಿಸ್ ಡಬ್ಲ್ಯು-124 ಕಾರುಗಳಲ್ಲಿ ಇದು ಮಾಮೂಲು ತೊಂದರೆ. ಪಾಲಿಯುರೆಥೇನ್ ಫೋಮ್ ತನ್ನ ಸಣ್ಣ ಸಣ್ಣ ರಂಧ್ರಗಳಲ್ಲಿ ಎಂಜಿನ್ ಸದ್ದನ್ನು ಹೀರುತ್ತದೆ, ಬಾನೆಟ್ಟಿನ ಬಣ್ಣವನ್ನು ಬಿಸಿಯಿಂದ ಕಾಯುತ್ತದೆ. ಡೀಸೆಲ್ ಎಂಜಿನ್ನಿನ ಕಟಕಟ ತಗ್ಗುವುದರಲ್ಲಿ ಅದರ ಪಾಲು ದೊಡ್ಡದು. ಆದರೆ ವರ್ಷಗಟ್ಟಲೆ ಬಿಸಿ, ತೇವ, ಎಣ್ಣೆಯ ಆವಿ ತಿಂದು ಅದು ಸೊರಗುತ್ತದೆ. ಆಮೇಲೆ ಮುಟ್ಟಿದರೆ ರಾಗಿಹಿಟ್ಟಿನಂತೆ ಉದುರುತ್ತದೆ.

ಹಳೆಯ ಫೋಮ್ ತೆಗೆದು ಹೊಸದು ಹಾಕುವುದು ಸೀಟು, ರೂಫ್ ಲೈನಿಂಗ್ ಮಾಡುವ ಕುಷನ್ ಕೆಲಸದವರ ಕೈಗೆ ಒಗ್ಗುವ ಕೆಲಸ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗ, ಸೀಟ್ ಕವರ್ ಅಂಗಡಿಗಳ ಸಾಲೇ ಇದೆ. ಹೊಸ ಹಾಳೆ ಅಂಟಿಸುವುದರಲ್ಲಿ ಅಂಥ ಕಷ್ಟವಿಲ್ಲ. ಕೈಚಳಕವೆಲ್ಲ ಹಳೆಯದನ್ನು ಕೆರೆದು ತೆಗೆಯುವುದರಲ್ಲಿದೆ. ಡಬ್ಲ್ಯು-124ರ ಬಾನೆಟ್ಟನ್ನು ನೆಟ್ಟಗೆ ನಿಲ್ಲಿಸಬಹುದಾದ್ದರಿಂದ ಕತ್ತು ನೋಯುವುದಿಲ್ಲ. ಎಂಜಿನ್ನಿಗೆ ಹಳೆಯ ಬೆಡ್‌ಶೀಟ್ ಹೊದಿಸಿ, ಮೂಗಿಗೆ ಮಾಸ್ಕ್ ಕಟ್ಟಿ, ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಕೆರೆಯಬೇಕು. ಕಬ್ಬಿಣದ ಪಟ್ಟಿ ಬಳಸಿದರೆ ಬಣ್ಣ ಗೀರಿ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಅಂಟುಗಲೆಗೆ ಸೀಮೆಎಣ್ಣೆ ಹಚ್ಚಿ ನೆನೆಯಲು ಬಿಟ್ಟು ಒರೆಸಬೇಕು. ಆ ಎಣ್ಣೆಯ ಜಿಡ್ಡೂ ಪೂರ್ತಿ ಹೋಗುವವರೆಗೆ ಸ್ಪಿರಿಟ್‌ನಲ್ಲಿ ಮತ್ತೆ ಒರೆಸಬೇಕು. ಇಲ್ಲಿ ಅವಸರ ಮಾಡಿದರೆ ಹೊಸ ಹಾಳೆ ಬಿಸಿಲಿಗೆ ಜಾರಿ ಎಂಜಿನ್ ಮೇಲೆ ಬೀಳುತ್ತದೆ.

ಹಾಳೆಯನ್ನು ಕತ್ತರಿಸುವಾಗ ವಾಷರ್ ನಳಿಕೆ, ಬಾನೆಟ್ ಲಾಕ್ ಇರುವ ಜಾಗ ಬಿಡಬೇಕು. ಬಿಸಿ ತಡೆಯುವ ಅಂಟನ್ನು ಎರಡೂ ಕಡೆ ಸವರಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಬೇಕು. ಒಮ್ಮೆ ಹಿಡಿದರೆ ಅದು ಬಿಡುವುದಿಲ್ಲ, ಸರಿಸಿ ಕೂರಿಸುವ ಅವಕಾಶವೇ ಇಲ್ಲ.

ಕ್ಲಿಪ್ ಹಾಕಿದ ಫೆಲ್ಟ್ ಪ್ಯಾಡ್ ಇರುವ ಕಾರುಗಳಲ್ಲಿ ಇಷ್ಟು ಪಾಡಿಲ್ಲ. ಕ್ಲಿಪ್ ಕಿತ್ತು ಹೊಸದು ಸಿಕ್ಕಿಸಿದರಾಯಿತು. ಅಲ್ಲಿ ಫೆಲ್ಟ್ ಹರಿದು ಗೂಡಿಗೆ ಒಯ್ಯುವ ಇಲಿಗಳದೇ ಕಾಟ.

ಅಗ್ಗವೆಂದು ಸೋಫಾ ಫೋಮ್ ಹಾಕಿಸಬೇಡಿ. ಅದು ಬೇಗ ಬೆಂಕಿ ಹಿಡಿಯುತ್ತದೆ. ಬೆಂಕಿ ತಡೆಯುವ ಹಾಳೆಯನ್ನೇ ಕೇಳಿ ಪಡೆಯಿರಿ. ಅದು ಸಿಗುವವರೆಗೆ ಬಾನೆಟ್ ಬರಿದಾಗಿಯೇ ಇರಲಿ.