ಕಡತದ ಒಡೆತನ ಮತ್ತು ಕೋಶದ ಒಡೆತನ: ಡೆಬಿಯನ್ ವೆಬ್ ಸರ್ವರಿನ ಒಂದು ಲೋಪ

ಪತ್ರಾಗಾರದಲ್ಲಿ ಕಾಗದವನ್ನು ಬರೆಯುವ ಹಕ್ಕು ಬೇರೆ, ಅದನ್ನಿರಿಸಿದ ಕಪಾಟಿನ ಮೇಲಣ ಅಧಿಕಾರ ಬೇರೆ. ದಾಖಲೆಗಳು ಗಣಕಯಂತ್ರಗಳನ್ನು ಸೇರುತ್ತಿರುವ ಈ ಕಾಲದಲ್ಲಿ, ಅಲ್ಲಿ ಈ ಭೇದವನ್ನು ಮರೆತರೆ ಒದಗುವ ಅಪಾಯವನ್ನು ಒಂದು ನಿದರ್ಶನದಿಂದ ವಿವೇಚಿಸಲು ಯತ್ನಿಸಿದ್ದೇವೆ.

ಯುನಿಕ್ಸ್ ಸಂಪ್ರದಾಯದ ವ್ಯವಸ್ಥೆಗಳಲ್ಲಿ ಪ್ರತಿಯೊಂದು ಕಡತಕ್ಕೂ ಒಡೆಯನುಂಟು. ಓದುವ ಮತ್ತು ಬರೆಯುವ ಅನುಮತಿಗಳು ಗೊತ್ತಾಗಿರುತ್ತವೆ. ಆದರೆ ಕಡತವನ್ನು ತೆಗೆದುಹಾಕುವ, ಅದರ ಹೆಸರನ್ನು ಬದಲಿಸುವ ಅಧಿಕಾರವು ಅದನ್ನೊಳಗೊಂಡ ಕೋಶದ, ಎಂದರೆ ಡೈರೆಕ್ಟರಿಯ, ಅನುಮತಿಯನ್ನು ಅವಲಂಬಿಸಿದೆ.

ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನ ಮುಖ್ಯ ಪ್ರಕ್ರಿಯೆಯು ಸಾಮಾನ್ಯವಾಗಿ 'ರೂಟ್' ಎಂಬ ಪರಮಾಧಿಕಾರದಲ್ಲಿ ನಡೆಯುತ್ತದೆ. ಹೊರಗಿನ ಕೋರಿಕೆಗಳಿಗೆ ಉತ್ತರಿಸುವ ಪ್ರಕ್ರಿಯೆಗಳಾದರೋ ಅಲ್ಪಾಧಿಕಾರದ ಬಳಕೆದಾರನ ಹೆಸರಿನಲ್ಲಿ ನಡೆಯುತ್ತವೆ. ಅನ್ಯರು ಒಳನುಸುಳಿದರೂ ಹಾನಿಯು ಮಿತವಾಗಿರಲೆಂಬುದೇ ಇದರ ಉದ್ದೇಶ. ಆದರೆ ಡೆಬಿಯನ್ ಲಿನಕ್ಸಿನ ಪ್ಯಾಕೇಜಿನಲ್ಲಿ ಲಾಗ್ ಕಡತಗಳ ಕೋಶವು ಈ ಅಲ್ಪಾಧಿಕಾರಿಯ ಒಡೆತನದಲ್ಲಿಯೇ ಇತ್ತು. 2016ರಲ್ಲಿ ದಾವಿದ್ ಗೊಲುನ್ಸ್ಕಿ ಎಂಬ ಸಂಶೋಧಕರು ಈ ಲೋಪವನ್ನು ತಿಳಿಯಪಡಿಸಿದರು.

ಅಪಾಯದ ಕ್ರಮವು ಇಂತಿದೆ. ಅಲ್ಪಾಧಿಕಾರವನ್ನು ವಶಪಡಿಸಿಕೊಂಡವನು ಲಾಗ್ ಕಡತವನ್ನು ತೆಗೆದು, ಅದೇ ಹೆಸರಿನಲ್ಲಿ ಬೇರೊಂದು ಸ್ಥಳವನ್ನು ತೋರಿಸುವ ಕೊಂಡಿಯನ್ನು ಇಡಬಲ್ಲನು. ದಿನವೂ ಲಾಗುಗಳನ್ನು ಬದಲಿಸುವ ಸಮಯದಲ್ಲಿ ಮುಖ್ಯ ಪ್ರಕ್ರಿಯೆಯು ಲಾಗನ್ನು ಪುನಃ ತೆರೆಯುತ್ತದೆ. ಆಗ ಕೊಂಡಿಯನ್ನು ಅನುಸರಿಸಿ, ರೂಟಿನ ಬಲದಿಂದ ಅಲ್ಲಿ ಹೊಸ ಕಡತವನ್ನು ನಿರ್ಮಿಸಿ, ಅದರ ಒಡೆತನವನ್ನು ಅಲ್ಪಾಧಿಕಾರಿಗೆ ಒಪ್ಪಿಸುತ್ತದೆ. ಪ್ರೋಗ್ರಾಮುಗಳು ಆರಂಭವಾಗುವಾಗ ಯಾವ ಲೈಬ್ರರಿಗಳನ್ನು ಮೊದಲು ಸೇರಿಸಿಕೊಳ್ಳಬೇಕೆಂದು ತಿಳಿಸುವ ಪಟ್ಟಿಯೇ ಆ ಕಡತವಾದಲ್ಲಿ, ಆಕ್ರಮಕನು ತನ್ನ ಲೈಬ್ರರಿಯನ್ನು ಅದರಲ್ಲಿ ನಮೂದಿಸಿ ಸಮಗ್ರ ಯಂತ್ರದ ಮೇಲೆ ಅಧಿಕಾರವನ್ನು ಪಡೆಯುತ್ತಾನೆ.

2016ರ ಅಕ್ಟೋಬರ್ 25ರಂದು ಡೆಬಿಯನ್ ಪ್ರಕಟಿಸಿದ ಪರಿಹಾರವು ಸರಳವಾದುದು: ಕೋಶದ ಒಡೆತನವನ್ನು ರೂಟಿಗೆ ಬದಲಿಸಲಾಯಿತು. ಇದರ ಫಲವಾಗಿ, ಮುಂದಿನ ಬದಲಾವಣೆಯ ಸರದಿ ಬರುವವರೆಗೆ ಯಂತ್ರದ ಇತರ ಬಳಕೆದಾರರೂ ಲಾಗುಗಳನ್ನು ಓದುವ ಸಂಭವವಿತ್ತೆಂದು ಆ ಪ್ರಕಟಣೆಯೇ ಎಚ್ಚರಿಸಿತು. ಒಂದು ಬಾಗಿಲನ್ನು ಮುಚ್ಚುವಾಗ ಮತ್ತೊಂದು ಕಿಂಡಿ ತೆರೆಯಬಹುದೆಂಬುದು ಇದರಿಂದ ವಿದಿತವಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇನ್ನೊಂದಿದೆ. ಯಾರು ಬಂದರು, ಏನನ್ನು ಕೇಳಿದರು ಎಂಬುದಕ್ಕೆ ಲಾಗೇ ಸಾಕ್ಷ್ಯ. ಕೋಶವು ರೂಟಿಗೆ ಸೇರಿದ ಮಾತ್ರಕ್ಕೆ ಈ ಸಾಕ್ಷ್ಯವು ಸುರಕ್ಷಿತವಾಗದು. ಕಡತವು ಅಲ್ಪಾಧಿಕಾರಿಯ ಒಡೆತನದಲ್ಲಿರುವವರೆಗೆ ಅದರೊಳಗಿನ ಬರಹವನ್ನು ಅವನು ಅಳಿಸಬಲ್ಲನು. ಆದಕಾರಣ, ಸರ್ವರುಗಳನ್ನು ನಡೆಸುವ ಸಂಸ್ಥೆಗಳು ಕೋಶಗಳ ಒಡೆತನವನ್ನು ಪರೀಕ್ಷಿಸುವುದರೊಡನೆ, ಲಾಗುಗಳ ಪ್ರತಿಯನ್ನು ಆಗಿಂದಾಗ್ಗೆ ಬೇರೊಂದು ಯಂತ್ರಕ್ಕೆ ರವಾನಿಸುವ ಏರ್ಪಾಡನ್ನೂ ಮಾಡಿಕೊಳ್ಳುವುದು ಯುಕ್ತವೆಂದು ಭಾವಿಸುತ್ತೇವೆ.